ಕೆನಡಾದಲ್ಲಿ ಗನ್ ವಿಷ್ಯ: ಕಾರ್ನಿನಾ, ಪೊಲಿಯೆವ್ರಾ?

ಕೆನಡಾ ಸಿಟಿಜನ್ ಆಗಿ ಓಟ್ ಹಾಕೋರು ಇದನ್ನ ನೋಡ್ಕೊಳ್ಳಿ, ಯಾಕಂದ್ರೆ ಇಬ್ರೂ ಕ್ರೈಮ್ ಕಮ್ಮಿ ಮಾಡ್ತೀವಿ ಅಂತಾನೇ ಹೇಳೋದು ಆದ್ರೆ ದಾರಿ ಪೂರ್ತಿ ಬೇರೆ.

ಲಿಬರಲ್ ಪಾರ್ಟಿ ಲೀಡರ್ ಮಾರ್ಕ್ ಕಾರ್ನಿ ಲಿಬರಲ್ ಸರ್ಕಾರದ ಹಳೇ ದಾರಿನೇ ಮುಂದುವರಿಸ್ತಾರೆ. 2020ರಲ್ಲಿ ನೋವಾ ಸ್ಕೋಶಿಯಾ ಹತ್ಯಾಕಾಂಡ ಆದ್ಮೇಲೆ ಸುಮಾರು 1,500 ಮಾಡೆಲ್ ಗನ್ ಬ್ಯಾನ್ ಆದ್ವಲ್ಲ, ಅವನ್ನ ದುಡ್ಡು ಕೊಟ್ಟು ಸರ್ಕಾರವೇ ವಾಪಸ್ ತಗೊಳ್ಳೋ ಸ್ಕೀಮು, 2022ರ ಅಕ್ಟೋಬರ್‌ನಿಂದ ಹ್ಯಾಂಡ್‌ಗನ್ ಮಾರಾಟಕ್ಕೆ ತಡೆ, ಜೊತೆಗೆ ಹೆಂಡ್ತಿ, ಪಾರ್ಟ್ನರ್ ಮೇಲೆ ಕೈಮಾಡಿ ಶಿಕ್ಷೆ ಆದೋರ ಲೈಸೆನ್ಸ್ ತಾನಾಗೇ ರದ್ದು ಅನ್ನೋ ಭರವಸೆ. ಈ ಕೊನೇದು ನಂಗೆ ತುಂಬಾ ಮುಖ್ಯ ಅನ್ಸುತ್ತೆ, ಮನೆಯೊಳಗಿನ ಹಿಂಸೆಗೆ ಗನ್ ಸೇರಿದ್ರೆ ಹೆಣ್ಮಕ್ಳ ಜೀವಕ್ಕೇ ಅಪಾಯ.

ಕನ್ಸರ್ವೇಟಿವ್ ಪಾರ್ಟಿ ಲೀಡರ್ ಪಿಯೆರ್ ಪೊಲಿಯೆವ್ ಸಿ-21 ಅನ್ನೋ (ಆ ಹ್ಯಾಂಡ್‌ಗನ್ ತಡೆನ ಗಟ್ಟಿ ಮಾಡಿದ) ಕಾನೂನು ರದ್ದು ಮಾಡ್ತೀನಿ, ಬೇಟೆಗಾರರನ್ನ ಬಿಡಿ, ಅಮೆರಿಕದಿಂದ ಕಳ್ಳಸಾಗಣೆ ಆಗಿ ಬರೋ ಗನ್‌ಗಳನ್ನ ಬಾರ್ಡರಲ್ಲೇ ಹಿಡಿಯಿರಿ ಅಂತಾರೆ. ಟೊರೊಂಟೊ ಬೀದಿಲಿ ಸಿಗೋ ಹ್ಯಾಂಡ್‌ಗನ್ ಜಾಸ್ತಿ ಅಲ್ಲಿಂದ್ಲೇ ಬರೋದು, ಹಾಗಾಗಿ ಆ ಮಾತಲ್ಲಿ ತೂಕ ಇದೆ.

ಆಲ್ಬರ್ಟಾ ಹಳ್ಳಿ ಕಡೆ ಇದ್ದು ಶೂಟಿಂಗ್ ಹವ್ಯಾಸ ಇರೋರಿಗೆ ಪೊಲಿಯೆವ್ ಸರಿಹೋಗ್ತಾರೆ. ಟೊರೊಂಟೊ ಪಕ್ಕದ ಬ್ರ್ಯಾಂಪ್ಟನ್ ಕಡೆ ಮಕ್ಳು ಮರಿ ಇಟ್ಕೊಂಡಿರೋರಿಗೆ ನನ್ನ ಪ್ರಕಾರ ಕಾರ್ನಿನೇ ವಾಸಿ, ಆದ್ರೆ ಬಾರ್ಡರ್ ಚೆಕಿಂಗ್ ಏನಾಯ್ತು ಅಂತ ನಿಮ್ಮ ಎಂಪಿನ ಕೇಳ್ತಾನೇ ಇರಿ.