ಪೇಪರ್ ಸೆಟ್ಟಿಂಗ್‌ಗೆ ಡಿಟಿಪಿ ಅಂಗಡಿ ಸೈ, ಅಕ್ನಾಲೆಜ್‌ಮೆಂಟ್‌ಗೆ ಬೇಡ

ಶಿವಮೊಗ್ಗ ಪೇಟೆಯಲ್ಲಿ ಥೀಸಿಸ್ ಟೈಪಿಂಗ್, ಬೈಂಡಿಂಗ್ ಮಾಡುವ ಡಿಟಿಪಿಯವರು ಈಗ ಜರ್ನಲ್ ಪೇಪರ್ ಸೆಟ್ಟಿಂಗ್ ಕೆಲಸವನ್ನೂ ಹಿಡಿಯುತ್ತಾರೆ. ಶಂಕರಘಟ್ಟದ ಕುವೆಂಪು ವಿವಿ, ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿವಿ ಎರಡೂ ಇದೇ ಜಿಲ್ಲೆಯಲ್ಲಿರುವಾಗ ಗಿರಾಕಿಗಳಿಗೇನೂ ಬರವಿಲ್ಲ. ಎರಡು ಕಾಲಂ ಮಾಡುವುದು, ಟೇಬಲ್ ಕೂರಿಸುವುದು, ಚಿತ್ರಗಳನ್ನು ಜಾಗಕ್ಕೆ ತರುವುದು, ಇವೆಲ್ಲ ಅವರಿಗೆ ಕೈಪಾಠ. ಅಷ್ಟಕ್ಕೆ ಧಾರಾಳವಾಗಿ ಕೊಡಬಹುದು. ಎಡವಟ್ಟಾಗುವುದು ಕೊನೆಯ ನಾಲ್ಕು ಸಾಲಿನಲ್ಲಿ, ಅಂದರೆ ನೆರವಾದವರಿಗೆ ವಂದನೆ ಹೇಳುವ ಅಕ್ನಾಲೆಜ್‌ಮೆಂಟ್‌ನಲ್ಲಿ.

ಈ ಸೇವೆಯಲ್ಲಿ ಅಕ್ನಾಲೆಜ್‌ಮೆಂಟ್ ಅಂದರೆ ಕಂಪ್ಯೂಟರಿನಲ್ಲಿ ಮೊದಲೇ ಕೂತಿರುವ ಒಂದು ಪ್ಯಾರಾ. ಹಿಂದಿನ ಯಾರದೋ ಥೀಸಿಸ್‌ನಿಂದ ಎತ್ತಿದ್ದು. ಗೈಡ್‌ಗೆ ಹೃತ್ಪೂರ್ವಕ, ವಿಭಾಗದ ಅಧ್ಯಕ್ಷರಿಗೆ ಅನಂತ, ತಂದೆ ತಾಯಿಗೆ ಚಿರಋಣ. ಹೆಸರು ಬದಲಾಯಿಸಿದರೆ ಮುಗಿಯಿತು. ಥೀಸಿಸ್‌ನಲ್ಲಿ ಇದು ನಡೆಯುತ್ತದೆ. ಅಲ್ಲಿ ಮನೆದೇವರಿಂದ ಹಾಸ್ಟೆಲ್ ಅಡುಗೆ ಭಟ್ಟರವರೆಗೆ ಎರಡು ಪುಟ ಬರೆದರೂ ಕೇಳುವವರಿಲ್ಲ. ಪೇಪರಿನ ಅಕ್ನಾಲೆಜ್‌ಮೆಂಟ್ ಮಾತ್ರ ಲೆಕ್ಕದ ಪುಸ್ತಕ ಇದ್ದಂತೆ: ದುಡ್ಡು ಯಾರದು, ಉಪಕರಣ ಎಲ್ಲಿಯದು, ಲೇಖಕರಲ್ಲದವರು ಯಾವ ಕೆಲಸ ಮಾಡಿಕೊಟ್ಟರು. ಗೈಡ್ ಹೇಗೂ ಲೇಖಕರ ಸಾಲಿನಲ್ಲಿ ಇರುತ್ತಾರೆ. ಅವರೇ ಅವರಿಗೆ ಥ್ಯಾಂಕ್ಸ್ ಹೇಳಿಕೊಂಡಂತೆ ಆಗುತ್ತದೆ. ಅಂಗಡಿಯ ಪ್ಯಾರಾದಲ್ಲಿ ಇನ್ನೊಂದು ತಮಾಷೆಯಿದೆ. ‘ಅನಾಮಧೇಯ ರಿವ್ಯೂವರ್‌ಗಳ ಅಮೂಲ್ಯ ಸಲಹೆಗಳಿಗೆ’ ಮೊದಲ ಸಲ ಕಳಿಸುವಾಗಲೇ ವಂದನೆ! ಆ ಸಾಲು, ರಿವ್ಯೂವರ್‌ಗಳು ಪೇಪರ್ ಓದಿ ಸಲಹೆ ಕೊಟ್ಟ ಮೇಲೆ, ರಿವಿಜನ್ ಹೊತ್ತಿಗೆ ಸೇರಬೇಕಾದದ್ದು.

ಬರೆಯುವ ಕ್ರಮ ಸರಳ. ಪ್ರತಿ ಹೆಸರಿನ ಮುಂದೆ ಒಂದು ಕೆಲಸ ಇರಬೇಕು. ‘ಎಲ್ಲ ಸಹಕಾರ ನೀಡಿದ’ ಅನ್ನುವುದನ್ನು ಹೊಡೆದುಹಾಕಿ, ‘ಕೊಳೆರೋಗ ತಗುಲಿದ ಅಡಿಕೆ ಮಾದರಿಯಿಂದ ಶಿಲೀಂಧ್ರ ಬೇರ್ಪಡಿಸಿಕೊಟ್ಟ ಇಂಥವರು’ ಅಂತ ಬರೆಯಿರಿ. ಹಾಗೆ ಬರೆಯಲು ಕೆಲಸವೇ ಸಿಗದ ಹೆಸರನ್ನು ಬಿಡಬಹುದು. ಆ ಕೆಲಸ ತುಂಬಾ ದೊಡ್ಡದಾಗಿ ಕಂಡರೆ ಆತ ಲೇಖಕನೇ ಆಗಬೇಕಿತ್ತೇನೋ ನೋಡಿ. ವೈದ್ಯಕೀಯ ಜರ್ನಲ್‌ಗಳು ಬಳಸುವ ಐಸಿಎಂಜೆಇ ನಿಯಮದಲ್ಲಿ ಲೇಖಕನಾಗಲು ನಾಲ್ಕು ಷರತ್ತುಗಳಿವೆ, ನಾಲ್ಕೂ ಕೂಡಿಬರಬೇಕು. ಬರೀ ಫಂಡ್ ತಂದವರು, ಬರೀ ಇಂಗ್ಲಿಷ್ ತಿದ್ದಿದವರು ಅಕ್ನಾಲೆಜ್‌ಮೆಂಟಿಗೆ. ಹೆಸರು ಹಾಕುವ ಮೊದಲು ಅವರಿಂದ ಲಿಖಿತ ಒಪ್ಪಿಗೆ ಪಡೆಯಿರಿ ಎಂದೂ ಅದೇ ನಿಯಮ ಹೇಳುತ್ತದೆ. ಹೆಸರು ಕಂಡರೆ ಅವರು ಫಲಿತಾಂಶವನ್ನೂ ಒಪ್ಪಿದ್ದಾರೆ ಎಂದು ಓದುಗರು ತಿಳಿಯುತ್ತಾರಲ್ಲ. ಒಂದು ಇಮೇಲ್ ಸಾಕು. ಇದನ್ನು ಅಂಗಡಿಯವರು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಫಂಡಿಂಗ್ ಸಾಲಿನಲ್ಲಿ ಅಂಗಡಿಯ ಕೈಚಳಕವೇ ಮುಳುವು. ಅನುದಾನ ಮಂಜೂರು ಮಾಡಿದ ಸ್ಯಾಂಕ್ಷನ್ ಆರ್ಡರಿನ ಫೈಲ್ ನಂಬರ್‌ನಲ್ಲಿ ಅಕ್ಷರ, ಓರೆಗೆರೆ, ಬ್ರಾಕೆಟ್, ಹೈಫನ್ ಎಲ್ಲ ಇರಬಹುದು. ಕೈಯಲ್ಲಿ ಟೈಪ್ ಮಾಡಿದರೆ ಸೊನ್ನೆಯ ಜಾಗಕ್ಕೆ ‘ಓ’ ಬರುತ್ತದೆ. ಬ್ರಾಕೆಟಿನೊಳಗೆ ‘ಸಿ’ ಒಂದೇ ಇದ್ದರೆ ವರ್ಡ್ ಅದನ್ನು ಕಾಪಿರೈಟ್ ಗುರುತು ಮಾಡಿಬಿಡುತ್ತದೆ. ತಕ್ಷಣ ಕಂಟ್ರೋಲ್-ಝಡ್ ಒತ್ತಬೇಕು. ಸಾಲಿನ ಕೊನೆಗೆ ಬಂದ ನಂಬರ್ ಹೈಫನ್ ಹತ್ತಿರ ಮುರಿದು ಕೆಳಗಿಳಿಯುತ್ತದೆ. ಅಲ್ಲಿ ಮಾಮೂಲಿ ಹೈಫನ್ ಬದಲು ಕಂಟ್ರೋಲ್, ಶಿಫ್ಟ್, ಹೈಫನ್ ಒಟ್ಟಿಗೆ ಒತ್ತಿದರೆ ಮುರಿಯುವುದಿಲ್ಲ. ಕನ್ನಡ-ಇಂಗ್ಲಿಷ್ ಎರಡೂ ಇರುವ ಫೈಲಾದರೆ ಇನ್ನೂ ಫಜೀತಿ: ಎಲ್ಲವನ್ನೂ ಸೆಲೆಕ್ಟ್ ಮಾಡಿ ಹಳೆಯ ನುಡಿ ಫಾಂಟ್ ಕೊಟ್ಟರೋ, ಇಂಗ್ಲಿಷ್ ಅಕ್ಷರಗಳೆಲ್ಲ ಅರ್ಥವಿಲ್ಲದ ಕನ್ನಡವಾಗಿ ಕೂರುತ್ತವೆ. ಸಂಶೋಧನೆಗೆ ಅನುದಾನ ಕೊಡುತ್ತಿದ್ದ ಕೇಂದ್ರದ ಎಸ್‌ಇಆರ್‌ಬಿ ಈಗ ಎಎನ್‌ಆರ್‌ಎಫ್ ಎಂಬ ಹೊಸ ಸಂಸ್ಥೆಯೊಳಗೆ ಸೇರಿದೆ ಅಂತ ಹಳೆಯ ಯೋಜನೆಯ ಫೈಲ್ ನಂಬರನ್ನು ಯಾರೂ ‘ಸರಿಪಡಿಸ’ಬಾರದು. ಸಂಶೋಧನಾ ಪೇಪರ್‌ಗಳ ಡೇಟಾಬೇಸ್ ಆದ ವೆಬ್ ಆಫ್ ಸೈನ್ಸ್ 2008ರಿಂದ ಈ ಸಾಲನ್ನು ಹೆಕ್ಕಿಕೊಳ್ಳುತ್ತಿದೆ. ನಂಬರ್ ತಪ್ಪಿದರೆ ಆ ಗ್ರಾಂಟ್ ಹೆಸರಲ್ಲಿ ಹುಡುಕುವವರಿಗೆ ನಿಮ್ಮ ಪೇಪರ್ ಸಿಗುವುದಿಲ್ಲ.

ಜರ್ನಲ್‌ನಿಂದ ಜರ್ನಲ್‌ಗೆ ಈ ಸಾಲಿನ ಜಾಗವೂ ಬೇರೆ. ಎಂಜಿನಿಯರಿಂಗ್ ಜರ್ನಲ್‌ಗಳ ಐಇಇಇ ಟೆಂಪ್ಲೇಟಿನಲ್ಲಿ ಫಂಡ್ ಕೊಟ್ಟವರ ಹೆಸರು ಮೊದಲ ಪುಟದ ಅಡಿಟಿಪ್ಪಣಿಗೆ ಹೋಗುತ್ತದೆ, ಅಕ್ನಾಲೆಜ್‌ಮೆಂಟ್ ಶೀರ್ಷಿಕೆಗೆ ಕ್ರಮಸಂಖ್ಯೆ ಇಲ್ಲ, ಸ್ಪೆಲ್ಲಿಂಗಿನಲ್ಲಿ ‘ಜಿ’ ನಂತರದ ‘ಇ’ಯೂ ಇಲ್ಲ. ಪ್ಲಾಸ್ ಒನ್ ಜರ್ನಲ್‌ಗೆ ಫಂಡಿಂಗ್ ಮಾಹಿತಿ ಸಬ್‌ಮಿಷನ್ ಫಾರಂನಲ್ಲಿ ಮಾತ್ರ ಬೇಕು. ಲೇಖಕರ ಗುರುತು ಮುಚ್ಚಿ ರಿವ್ಯೂ ಮಾಡಿಸುವ ಜರ್ನಲ್ ಆದರೆ ಇಡೀ ಪ್ಯಾರಾವನ್ನು ಬೇರೆ ಟೈಟಲ್ ಪೇಜಿಗೆ ಎತ್ತಬೇಕು. ವಿಭಾಗದ ಹೆಸರೊಂದು ಉಳಿದರೂ ಗುಟ್ಟು ರಟ್ಟು. ಅಂಗಡಿಯಲ್ಲಿ ಇವೆಲ್ಲಕ್ಕೂ ‘6. ಅಕ್ನಾಲೆಜ್‌ಮೆಂಟ್’ ಒಂದೇ ಅಚ್ಚು.

ಮಲೆನಾಡಿನ ಫೀಲ್ಡ್ ಕೆಲಸಕ್ಕೆ ಆ ಅಚ್ಚು ಅಪಾಯಕಾರಿಯೂ ಹೌದು. ಅಪರೂಪದ ಆರ್ಕಿಡ್ ಅಥವಾ ಕಪ್ಪೆಯ ಬಗ್ಗೆ ಬರೆದು, ವಿಧಾನದ ಭಾಗದಲ್ಲಿ ಜಾಗದ ಅಕ್ಷಾಂಶ ರೇಖಾಂಶ ಮುಚ್ಚಿಟ್ಟು, ಕೊನೆಗೆ ‘ಇಂಥ ಊರಿನ ಇಂಥವರ ತೋಟದಲ್ಲಿ ಓಡಾಡಲು ಬಿಟ್ಟಿದ್ದಕ್ಕೆ’ ಎಂದು ಮನೆ ಹೆಸರು ಸಮೇತ ವಂದನೆ ಹೇಳಿದರೆ ಕಳ್ಳನಿಗೆ ದಾರಿ ತೋರಿಸಿದ ಹಾಗೆ. ‘ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರರಿಗೆ’ ಅಂದರೆ ಸಾಕು. ದೇವರ ಕಾಡಾದರೆ ಊರಿನವರನ್ನೇ ಕೇಳಿ. ಹೆಸರು ಬರಲಿ ಅನ್ನುವವರೂ ಇರುತ್ತಾರೆ, ಬೇಡ ಅನ್ನುವವರೂ ಇರುತ್ತಾರೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ಬಗ್ಗೆ ಕೆಲಸ ಮಾಡುವವರು ಉಣುಗು ಹಿಡಿದುಕೊಟ್ಟವರನ್ನು, ಮನೆಮನೆ ಸುತ್ತಿದ ಆಶಾ ಕಾರ್ಯಕರ್ತೆಯರನ್ನು ಖಂಡಿತ ನೆನೆಯಬೇಕು. ರೋಗಿಗಳ ಹೆಸರು ಮಾತ್ರ ಎಲ್ಲೂ ಬರಕೂಡದು. ಅರಣ್ಯ ಇಲಾಖೆಯ ಅನುಮತಿ ಪತ್ರದ ಸಂಖ್ಯೆ, ದಿನಾಂಕ ವಿಧಾನದ ಭಾಗಕ್ಕೆ ಸೇರಲಿ. ಕಾಡಿನಲ್ಲಿ ಜೊತೆಗೆ ನಡೆದ ವಾಚರ್‌ಗೆ ಇಲ್ಲಿ ಹೆಸರು ಹಿಡಿದೇ ವಂದನೆ ಹೇಳಿ, ಅವರು ಒಪ್ಪಿದರೆ. ಸಾಹೇಬರ ಹೆಸರಿದ್ದು ವಾಚರ್ ಹೆಸರಿಲ್ಲದ ಅಕ್ನಾಲೆಜ್‌ಮೆಂಟ್‌ಗಳೇ ಜಾಸ್ತಿ ಅನ್ನುವುದು ಬೇಸರದ ಸಂಗತಿ.

ಸೇವೆಯ ಬಗ್ಗೆ ಗಟ್ಟಿಯಾದ ದೂರು ಒಂದಿದೆ: ಇಂಗ್ಲಿಷ್ ಚೆಂದ ಮಾಡುತ್ತೇವೆ ಅಂತ ಪೇಪರನ್ನು ಎಐಗೆ ಹಾಕಿ ತೆಗೆದರೂ ಬಾಯಿಬಿಟ್ಟು ಹೇಳುವುದಿಲ್ಲ. 2023ರಿಂದ ಐಸಿಎಂಜೆಇ ಪ್ರಕಾರ ಬರವಣಿಗೆಗೆ ಎಐ ನೆರವು ಪಡೆದಿದ್ದರೆ ಅಕ್ನಾಲೆಜ್‌ಮೆಂಟಿನಲ್ಲಿ ತಿಳಿಸಬೇಕು. ಅಂಗಡಿಯವನು ಮಾಡಿದ್ದಕ್ಕೂ ಸಹಿ ಹಾಕಿದ ಲೇಖಕನೇ ಜವಾಬ್ದಾರ. ಫೈಲ್ ಕೊಡುವಾಗಲೇ ಕೇಳಿ, ಯಾವ ಟೂಲ್ ಬಳಸಿದರು ಅಂತ ಬರೆದಿಟ್ಟುಕೊಳ್ಳಿ. ಟೈಪಿಂಗ್‌ಗೆ ಅಂಗಡಿಯ ಹೆಸರು ಹಾಕಬೇಕಿಲ್ಲ, ದುಡ್ಡು ಕೊಟ್ಟಾಗಿದೆ. ಭಾಷೆ ತಿದ್ದಿದ್ದರೆ ಹಾಕಿ.

ಪುಟದ ಲೆಕ್ಕದಲ್ಲಿ ದುಡ್ಡು ತಗೊಳ್ಳುವುದರಿಂದ ಈ ನಾಲ್ಕು ಸಾಲನ್ನು ನೀವೇ ಬರೆದುಕೊಟ್ಟರೆ ಖರ್ಚೇನೂ ಏರುಪೇರಾಗದು. ಬೇರೆ ಫೈಲಿನಲ್ಲಿ ಕೊಡಿ. ಫೈಲ್ ನಂಬರನ್ನು ಸ್ಯಾಂಕ್ಷನ್ ಪತ್ರದ ಪಿಡಿಎಫ್‌ನಿಂದ ಕಾಪಿ ಮಾಡಿರಿ. ಪ್ರೂಫ್ ಪಿಡಿಎಫ್ ಬಂದಾಗ ಅದೇ ನಂಬರನ್ನು ಕಂಟ್ರೋಲ್-ಎಫ್‌ನಲ್ಲಿ ಅಂಟಿಸಿ ಹುಡುಕಿ. ಸಿಗದಿದ್ದರೆ ಎಲ್ಲೋ ಒಂದು ಅಕ್ಷರ ಬದಲಾಗಿದೆ, ಇಲ್ಲವೇ ಹೈಫನ್ ಬೇರೆಯಾಗಿದೆ. ಆಗ ಒಂದೊಂದೇ ಅಕ್ಷರ ತಾಳೆ ನೋಡಿ, ತಪ್ಪಿದ್ದರೆ ಜರ್ನಲ್‌ಗೆ ಕಳಿಸುವ ಮೊದಲೇ ವಾಪಸ್ ಕೊಡಿ.