ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುವಾಗ ಆನ್‌ಲೈನ್ ಸ್ವಯಂಸೇವೆ: ನನ್ನ ಓಟು ಚಿಕ್ಕ ಟ್ರಸ್ಟಿಗೆ

ಮುಂದೆ ಎನ್‌ಜಿಒ ಕೆಲಸಕ್ಕೆ ಹೋಗುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಚಿಕ್ಕ ಟ್ರಸ್ಟೊಂದಕ್ಕೆ ಮನೆಯಲ್ಲೇ ಕೂತು ಮಾಡಿಕೊಟ್ಟ ಲೆಕ್ಕಪತ್ರದ ಕೆಲಸವೇ ನನಗೆ ಜಾಸ್ತಿ ಕಲಿಸಿದ್ದು.

ತಲೆ ಕೆಡಿಸಿದ್ದು ದೊಡ್ಡ ಸಂಸ್ಥೆಯೊಂದರ ಆನ್‌ಲೈನ್ ಇಂಟರ್ನ್‌ಶಿಪ್. ‘ನಿಧಿ ಸಂಗ್ರಹ, ಸಂವಹನ, ನಾಯಕತ್ವ ಕಲಿಯಿರಿ’ ಅಂತ ಕರೆದಿದ್ದರು. ಸೇರಿದ ಮೇಲೆ ಕೊಟ್ಟಿದ್ದು ಒಂದು ಲಿಂಕು, ಒಂದು ಟಾರ್ಗೆಟ್. ಗೊತ್ತಿದ್ದವರಿಗೆಲ್ಲ ವಾಟ್ಸ್‌ಆ್ಯಪ್ ಮಾಡಬೇಕು, ಟಾರ್ಗೆಟ್ ಮುಟ್ಟಿದರೆ ಸರ್ಟಿಫಿಕೇಟ್. ಚಿಕ್ಕಪ್ಪ ಐನೂರು ಹಾಕಿ, ‘ಇದು ಯಾವ ಊರಿನ ಮಕ್ಕಳಿಗಮ್ಮಾ?’ ಅಂತ ಕೇಳಿದರು. ಸಂಯೋಜಕರಿಗೆ ಅದನ್ನೇ ಕೇಳಿದೆ. ಅದೇ ಪೋಸ್ಟರನ್ನು ಮತ್ತೆ ಕಳಿಸಿದರು!

ನಿಧಿ ಸಂಗ್ರಹ ಕೀಳು ಕೆಲಸವಲ್ಲ, ಎನ್‌ಜಿಒ ನಡೆಯುವುದೇ ಅದರಿಂದ. ಆದರೆ ಪ್ರಪೋಸಲ್ ಬರೆಯದೆ, ಬಜೆಟ್ ಹಾಕದೆ, ಸುಮ್ನೆ ನೆಂಟರ ಹತ್ತಿರ ಕೈಚಾಚಿದರೆ ಏನು ಕಲಿತ ಹಾಗಾಯಿತು? ಸಿಎಸ್‌ಆರ್ ದುಡ್ಡಿಗೆ, ಅಂದರೆ ಕಂಪನಿಗಳು ಸಮಾಜಕ್ಕಾಗಿ ತೆಗೆದಿಡುವ ಹಣಕ್ಕೆ ಹೋದರೆ, ಅವರು 12ಎ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ (ದಾನಿಗೆ ತೆರಿಗೆ ವಿನಾಯಿತಿ), ಸಿಎಸ್‌ಆರ್-1 (ಸಿಎಸ್‌ಆರ್ ಹಣ ಪಡೆಯಲು) ನೋಂದಣಿ ಕೇಳುತ್ತಾರೆ. ಆ ಹೆಸರುಗಳೇ ಅಲ್ಲಿ ಕಿವಿಗೆ ಬೀಳಲಿಲ್ಲ.

ಟ್ರಸ್ಟಿನಲ್ಲಿ ಮೊದಲ ಫೋನ್‌ಕಾಲಿನಲ್ಲೇ ಬಿದ್ದವು. 80ಜಿ ಇರುವ ಸಂಸ್ಥೆ ವರ್ಷದ ದಾನಿಗಳ ವಿವರವನ್ನು ಫಾರ್ಮ್ 10ಬಿಡಿಯಲ್ಲಿ ತುಂಬಿ, ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ ಕೊಡಬೇಕಿತ್ತು. ರಸೀದಿ ಪುಸ್ತಕದ ಫೋಟೊ ನೋಡಿ ಎಕ್ಸೆಲ್‌ಗೆ ಏರಿಸುವುದು ನನ್ನ ಪಾಲಿಗೆ ಬಂತು. ದಾನಿಗಳ ಪ್ಯಾನ್ ನಂಬರಿನ ಕೈಬರಹದಲ್ಲಿ ‘ಓ’ ಯಾವುದು, ಸೊನ್ನೆ ಯಾವುದು? ಲೆಕ್ಕ ನೋಡುವ ಅಕ್ಕ ಉಪಾಯ ಹೇಳಿಕೊಟ್ಟರು: ಪ್ಯಾನ್‌ನಲ್ಲಿ ಮೊದಲು ಐದು ಅಕ್ಷರ, ಆಮೇಲೆ ನಾಲ್ಕು ಅಂಕಿ, ಕೊನೆಗೊಂದು ಅಕ್ಷರ. ನಗದು 2000 ರೂಪಾಯಿ ದಾಟಿದರೆ 80ಜಿ ವಿನಾಯಿತಿ ಸಿಗುವುದಿಲ್ಲ. ಅದನ್ನು ಹಿರಿಯ ದಾನಿಯೊಬ್ಬರಿಗೆ ಬೇಜಾರಾಗದ ಹಾಗೆ ಫೋನಿನಲ್ಲಿ ಹೇಳೋದೂ ನನ್ನ ಕೆಲಸವೇ ಆಯಿತು. ಇಂಟರ್ವ್ಯೂನಲ್ಲಿ ಹೇಳಿಕೊಳ್ಳಲು ಇದಕ್ಕಿಂತ ಏನು ಬೇಕು, ಅಲ್ವಾ?

ವಿಶ್ವಸಂಸ್ಥೆಯ ಆನ್‌ಲೈನ್ ಸ್ವಯಂಸೇವೆಯಲ್ಲೂ ಒಂದು ಕೆಲಸ ಮಾಡಿದೆ. 18 ತುಂಬಿರಬೇಕು. ವಾರಕ್ಕೆ ಹೆಚ್ಚೆಂದರೆ 20 ಗಂಟೆ, ಒಟ್ಟು 12 ವಾರದ ಮಿತಿ, ಶುಲ್ಕವಿಲ್ಲ. ಏನು ಮಾಡಬೇಕೆಂದು ಮೊದಲೇ ಬರೆದಿರುತ್ತಾರೆ. ಇಂಗ್ಲಿಷ್ ಸಲೀಸಾಗಿದ್ದು, ಮನೆಯಲ್ಲಿ ವೈಫೈ ಇದ್ದರೆ ಧಾರಾಳವಾಗಿ ಹೋಗಿ. ನನ್ನ ದಿನದ ಡೇಟಾ ಎರಡು ವಿಡಿಯೊ ಮೀಟಿಂಗಿಗೇ ಖಾಲಿ.

ಸ್ಟೋರಿವೀವರ್ ಅನ್ನುವ ಮಕ್ಕಳ ಕತೆಗಳ ವೆಬ್‌ಸೈಟಿನಲ್ಲಿ ಕತೆ ಅನುವಾದಿಸೋದು ಖುಷಿ, ಆದರೆ ಆಫೀಸಿನ ಕೆಲಸ ಅದರಿಂದ ಬರುವುದಿಲ್ಲ.

ನನ್ನದು ಅಣ್ಣನ ಲ್ಯಾಪ್‌ಟಾಪ್, ಅವನು ಮಲಗಿದ ಮೇಲಷ್ಟೇ ಸಿಗೋದು. ಹಗಲು ಕಾಲೇಜು, ಫೀಲ್ಡ್ ವರ್ಕ್. ರಾತ್ರಿ ಹನ್ನೊಂದಕ್ಕೆ ಶೀಟ್ ಕಳಿಸಿದರೂ ಟ್ರಸ್ಟಿನವರು ಏನೂ ಅನ್ನುತ್ತಿರಲಿಲ್ಲ. ಸಂಬಳ ಕೊಡಲಿಲ್ಲ, ಡೇಟಾ ಪ್ಯಾಕ್ ಮಾತ್ರ ಅವರೇ ಹಾಕಿಸಿದರು.