ರಾಲಿಯ ಕಾಲೇಜು ಪಂದ್ಯವೋ, ಷಾರ್ಲೆಟ್‌ನ ವೃತ್ತಿಪರ ಪಂದ್ಯವೋ: ಬ್ಯಾಸ್ಕೆಟ್‌ಬಾಲ್ ಟಿಕೆಟ್ ಕೊಳ್ಳುವ ಮುನ್ನ

ಅಮೆರಿಕದ ಉತ್ತರ ಕೆರೊಲಿನಾದಲ್ಲಿ, ರಾಲಿಯ ಪಕ್ಕದ ಕ್ಯಾರಿಗೆ ಹೊಸದಾಗಿ ಬಂದು ನೆಲೆಸುವ ಕನ್ನಡದ ಕುಟುಂಬಗಳು ಚಳಿಗಾಲ ಬಂತೆಂದರೆ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತವೆ: ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ತೋರಿಸಬೇಕು, ಹತ್ತಿರದ ಕಾಲೇಜು ಪಂದ್ಯಕ್ಕೆ ಹೋಗುವುದೋ ಅಥವಾ ಷಾರ್ಲೆಟ್‌ವರೆಗೆ ಹೋಗಿ ವೃತ್ತಿಪರರ ಪಂದ್ಯ ನೋಡುವುದೋ? ಎರಡೂ ಕಡೆ ಹಲವು ವರ್ಷ ಹಣ ಕೊಟ್ಟು ಕುಳಿತವನಾದ್ದರಿಂದ ನನ್ನ ಅಭಿಪ್ರಾಯವನ್ನು ಇಲ್ಲಿ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಕಾಲೇಜಿನ ವಿಚಾರ. ಡರ್ಹಮ್‌ನ ಡ್ಯೂಕ್, ಚಾಪೆಲ್ ಹಿಲ್‌ನ ನಾರ್ತ್ ಕೆರೊಲಿನಾ, ರಾಲಿಯ ಎನ್.ಸಿ. ಸ್ಟೇಟ್ ಈ ಮೂರೂ ವಿಶ್ವವಿದ್ಯಾಲಯಗಳು ಒಂದಕ್ಕೊಂದು ಕೂಗಳತೆಯಲ್ಲಿ ಎನ್ನುವಷ್ಟು ಹತ್ತಿರದಲ್ಲಿವೆ. ಡ್ಯೂಕ್‌ನ ಕ್ಯಾಮರನ್ ಒಳಾಂಗಣ ಕ್ರೀಡಾಂಗಣವನ್ನು ಎಲ್ಲರೂ ಒಮ್ಮೆಯಾದರೂ ನೋಡಲು ಬಯಸುತ್ತಾರೆ; ಆದರೆ 1940ರಲ್ಲಿ ತೆರೆದ ಆ ಕಟ್ಟಡದಲ್ಲಿ ಇರುವುದು 9,314 ಆಸನಗಳು ಮಾತ್ರ, ಅಂಗಳದ ಪಕ್ಕದ ಜಾಗ ವಿದ್ಯಾರ್ಥಿಗಳದು, ಅವರೂ ನಾರ್ತ್ ಕೆರೊಲಿನಾ ವಿರುದ್ಧದ ಪಂದ್ಯಕ್ಕಾಗಿ ವಾರಗಟ್ಟಲೆ ಹೊರಗೆ ಡೇರೆ ಹಾಕಿ ಕಾಯುವವರು. ಹಾಗಾಗಿ ಸಾಮಾನ್ಯ ಕುಟುಂಬಕ್ಕೆ ನಾನು ಹೇಳುವುದು ರಾಲಿಯ ಲೆನೊವೊ ಸೆಂಟರ್. ಸುಮಾರು 19 ಸಾವಿರ ಜನ ಹಿಡಿಸುವ ಈ ಕ್ರೀಡಾಂಗಣದಲ್ಲಿ ಎನ್.ಸಿ. ಸ್ಟೇಟ್ ತಂಡ ಆಡುತ್ತದೆ. ಐಸ್ ಹಾಕಿ ತಂಡವೊಂದಕ್ಕೂ ಇದೇ ಮನೆಯಾಗಿರುವುದರಿಂದ ಮಂಜುಗಡ್ಡೆಯ ಮೇಲೆ ಹಲಗೆ ಹಾಸಿ ಅಂಗಳ ಮಾಡುತ್ತಾರೆ. ಒಳಗೆ ಕೆಂಪು ಬಟ್ಟೆಯದೇ ಸಮುದ್ರ. ಒಂದು ಬದಿಯವರು ‘ವುಲ್ಫ್’ ಎಂದು ಕೂಗಿದರೆ ಎದುರು ಬದಿಯವರು ‘ಪ್ಯಾಕ್’ ಎಂದು ಉತ್ತರಿಸುತ್ತಾರೆ; ವುಲ್ಫ್‌ಪ್ಯಾಕ್ ಎಂಬುದು ತಂಡದ ಅಡ್ಡಹೆಸರು. ವಿದ್ಯಾರ್ಥಿಗಳ ವಾದ್ಯವೃಂದ ಬಿಡುವು ಸಿಕ್ಕಾಗಲೆಲ್ಲ ನುಡಿಸುತ್ತದೆ. ಮೊದಲ ಸಲ ಹೋದಾಗ ನನ್ನ ಮಗಳು ಎರಡೂ ಕಿವಿ ಮುಚ್ಚಿಕೊಂಡು ಕುಳಿತಿದ್ದಳು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಪಕ್ಕದ ಸಾಲಿನ ಅಜ್ಜಿಯೊಬ್ಬರೊಡನೆ ಸೇರಿ ಅವಳೂ ಕೂಗತೊಡಗಿದಳು.

ಆ ಅಜ್ಜಿ 1983ರಲ್ಲಿ ಜಿಮ್ ವಾಲ್ವಾನೊ ತರಬೇತಿಯಲ್ಲಿ ತಂಡ ರಾಷ್ಟ್ರೀಯ ಪ್ರಶಸ್ತಿ ಗೆದ್ದುದನ್ನು ನಿನ್ನೆ ನಡೆದಂತೆ ವಿವರಿಸಿದರು. ಕಾಲೇಜು ಪಂದ್ಯದಲ್ಲಿ ನಿಜವಾಗಿ ಸಿಗುವುದು ಇದು. ಊರಿನ ನೆನಪಿನೊಳಗೆ ಹೊಸಬರಿಗೂ ಒಂದು ಜಾಗ ಸಿಗುತ್ತದೆ. 2024ರ ಮಾರ್ಚ್ ತಿಂಗಳನ್ನು ನಾನೇ ಈಗ ಹಾಗೆ ಹೇಳತೊಡಗಿದ್ದೇನೆ. ಟೂರ್ನಿಗಳಿಗೆ ಮುಂಚಿನ ನಿಯಮಿತ ಋತುವಿನಲ್ಲಿ 14 ಪಂದ್ಯ ಸೋತು, ಕೊನೆಯ ನಾಲ್ಕನ್ನೂ ಕಳೆದುಕೊಂಡಿದ್ದ ಎನ್.ಸಿ. ಸ್ಟೇಟ್, ಈ ಮೂರೂ ಕಾಲೇಜುಗಳು ಆಡುವ ಎ.ಸಿ.ಸಿ. ಎಂಬ ಕಾನ್ಫರೆನ್ಸ್‌ನ (ಕಾಲೇಜುಗಳ ಕೂಟದ) ಟೂರ್ನಿಯಲ್ಲಿ ಐದು ದಿನಗಳಲ್ಲಿ ಐದು ಪಂದ್ಯ ಗೆದ್ದಿತು. ಸೆಮಿಫೈನಲ್‌ನಲ್ಲಿ ವರ್ಜೀನಿಯಾ ವಿರುದ್ಧ ಸಮಯ ಮುಗಿಯುವ ಕ್ಷಣದಲ್ಲಿ ಮೈಕೆಲ್ ಓ’ಕಾನೆಲ್ ಎಸೆದ ಮೂರು ಅಂಕದ ಚೆಂಡು ಬುಟ್ಟಿಯ ಹಿಂದಿನ ಹಲಗೆಗೆ ಬಡಿದು ಒಳಗೆ ಬೀಳದೇ ಇದ್ದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಫೈನಲ್‌ನಲ್ಲಿ ನಾರ್ತ್ ಕೆರೊಲಿನಾವನ್ನು 84-76ರಿಂದ ಸೋಲಿಸಿ, ಮುಂದೆ ರಾಷ್ಟ್ರೀಯ ಟೂರ್ನಿಯಲ್ಲಿ ಡ್ಯೂಕ್ ತಂಡವನ್ನು 76-64ರಿಂದ ಮಣಿಸಿ, ತನ್ನ ವಿಭಾಗದ 16 ತಂಡಗಳಲ್ಲಿ 11ನೆಯ ಶ್ರೇಯಾಂಕದ ಈ ತಂಡ ಕೊನೆಯ ನಾಲ್ಕರ ಹಂತ ಮುಟ್ಟಿತು. ಡ್ಯೂಕ್ ವಿರುದ್ಧ 29 ಅಂಕ ಗಳಿಸಿದ ಡಿ.ಜೆ. ಬರ್ನ್ಸ್ ಎತ್ತರಕ್ಕೆ ನೆಗೆಯುವ ಆಟಗಾರನಲ್ಲ. ಬುಟ್ಟಿಗೆ ಬೆನ್ನು ಹಾಕಿ, ಭಾರವಾದ ಮೈಯನ್ನು ಮೆಲ್ಲಗೆ ತಿರುಗಿಸಿ, ಎಡಗೈಯಿಂದ ಚೆಂಡನ್ನು ಇಟ್ಟಂತೆ ಹಾಕುವವನು. ಹಿಂದೊಮ್ಮೆ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಅಂತಹ ಆಟ ನೋಡಿ ಬೆಳೆದ ನನಗೆ, ಆ ಕಲೆ ಇನ್ನೂ ಬದುಕಿದೆ ಎಂದು ಕಂಡದ್ದೇ ದೊಡ್ಡ ಸಂತೋಷವಾಗಿತ್ತು.

ಆದರೆ ಆ ತಂಡದ ಮುಖ್ಯ ಆಟಗಾರರಲ್ಲಿ ಬಹುತೇಕರು ಬೇರೆ ಕಾಲೇಜುಗಳಿಂದ ಟ್ರಾನ್ಸ್‌ಫರ್ ಪೋರ್ಟಲ್ ಮೂಲಕ, ಅಂದರೆ ಕಾಲೇಜು ಬದಲಿಸಬಯಸುವವರು ಹೆಸರು ಹಾಕುವ ಪಟ್ಟಿಯ ಮೂಲಕ, ಬಂದವರು. ಬರ್ನ್ಸ್ ವಿಂಥ್ರಾಪ್‌ನಿಂದ, ಓ’ಕಾನೆಲ್ ಸ್ಟ್ಯಾನ್‌ಫರ್ಡ್‌ನಿಂದ, ಡಿ.ಜೆ. ಹಾರ್ನ್ ಅರಿಜೋನಾ ಸ್ಟೇಟ್‌ನಿಂದ. ಆ ಪವಾಡವನ್ನು ಕೊಟ್ಟ ಪದ್ಧತಿಯೇ ಮರುವರ್ಷ ಅದನ್ನು ಕರಗಿಸಿತು. 2024-25ರಲ್ಲಿ ತಂಡ 12 ಗೆದ್ದು 19 ಸೋತಿತು, ತರಬೇತುದಾರ ಕೆವಿನ್ ಕೀಟ್ಸ್ ಹೋಗಿ ವಿಲ್ ವೇಡ್ ಬಂದರು, ಅವರೊಂದಿಗೆ ಬಹುಮಟ್ಟಿಗೆ ಹೊಸ ತಂಡವೇ ಬಂತು. “ಅಪ್ಪ, ಹೋದ ವರ್ಷದವರೆಲ್ಲ ಎಲ್ಲಿ ಹೋದರು?” ಎಂದು ಮಗಳು ಕೇಳಿದಾಗ ನನಗೆ ಉತ್ತರಿಸುವುದು ಸುಲಭವಾಗಲಿಲ್ಲ.

ಆಟಗಾರರಿಗೆ ಹಣ ಸಿಗುವುದನ್ನು ನಾನು ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ. 2021ರ ಜುಲೈ 1ರಿಂದ ತಮ್ಮ ಹೆಸರು ಮತ್ತು ಚಿತ್ರದಿಂದ ಗಳಿಸುವ ಹಕ್ಕು ಅವರಿಗೆ ದೊರೆಯಿತು; 2025ರ ಜುಲೈನಿಂದ ಕಾಲೇಜುಗಳೇ ನೇರವಾಗಿ ಆದಾಯ ಹಂಚಬಹುದಾಗಿದ್ದು, ಮೊದಲ ವರ್ಷಕ್ಕೆ ಒಂದೊಂದು ಸಂಸ್ಥೆಗೆ ಎಲ್ಲ ಕ್ರೀಡೆಗಳೂ ಸೇರಿ ಸುಮಾರು 2.05 ಕೋಟಿ ಡಾಲರ್ ಮಿತಿ ಇಡಲಾಗಿತ್ತು. ಕ್ರೀಡಾಂಗಣ ತುಂಬಿಸುವವರು ಬರಿಗೈಯಲ್ಲಿ ಹೋಗುತ್ತಿದ್ದ ಕಾಲ ನ್ಯಾಯದ ಕಾಲವಾಗಿರಲಿಲ್ಲ. ನನ್ನ ಆಕ್ಷೇಪ ಇರುವುದು ಎಷ್ಟು ಸಲ ಬೇಕಾದರೂ, ಒಂದು ವರ್ಷವೂ ಕಾಯದೆ, ಕಾಲೇಜು ಬದಲಿಸಬಹುದೆಂಬ 2024ರ ನಿಯಮದ ಬಗ್ಗೆ. ಇದರ ಫಲ ಸಣ್ಣ ಕಾಲೇಜುಗಳ ಮೇಲೆ ಕಾಣುತ್ತಿದೆ ಎಂಬುದು ನನ್ನ ನಂಬಿಕೆ. 2025ರ ರಾಷ್ಟ್ರೀಯ ಟೂರ್ನಿಯ ಕೊನೆಯ 16 ತಂಡಗಳೂ ನಾಲ್ಕೇ ದೊಡ್ಡ ಕಾನ್ಫರೆನ್ಸ್‌ಗಳಿಗೆ ಸೇರಿದವು. ಕೊನೆಯ ನಾಲ್ಕೂ ತಮ್ಮ ತಮ್ಮ ವಿಭಾಗದ ಅಗ್ರ ಶ್ರೇಯಾಂಕದವೇ. 2018ರಲ್ಲಿ ಯು.ಎಂ.ಬಿ.ಸಿ. ಎಂಬ ಪುಟ್ಟ ತಂಡ ವರ್ಜೀನಿಯಾವನ್ನು 20 ಅಂಕಗಳಿಂದ ಸೋಲಿಸಿದಂತಹ ರಾತ್ರಿಗಳು ಅಪರೂಪವಾದರೆ ಮಾರ್ಚ್ ತಿಂಗಳ ಅರ್ಧ ಸೊಗಸು ಹೋದಂತೆಯೇ. ಹೀಗಿದ್ದರೂ 2025ರ ಫೈನಲ್‌ನಲ್ಲಿ ಫ್ಲಾರಿಡಾ, ಹ್ಯೂಸ್ಟನ್ ತಂಡವನ್ನು 65-63ರಿಂದ ಗೆದ್ದ ಪಂದ್ಯ ಕೊನೆಯ ಕ್ಷಣದವರೆಗೂ ಉಸಿರು ಬಿಗಿಹಿಡಿಸಿತು.

ಈಗ ಷಾರ್ಲೆಟ್. ಅಲ್ಲಿನ ಸ್ಪೆಕ್ಟ್ರಮ್ ಸೆಂಟರ್ 2005ರಲ್ಲಿ ತೆರೆದದ್ದು. ಜೇನುಗೂಡಿನ ವಿನ್ಯಾಸದ ಅಂಗಳ, ಎದುರಿಗೇ ಲೈಟ್ ರೈಲಿನ ನಿಲ್ದಾಣ. ಇಲ್ಲಿ ಆಡುವ, ವೃತ್ತಿಪರ ಲೀಗ್ ಎನ್.ಬಿ.ಎ.ಯ ಹಾರ್ನೆಟ್ಸ್ ತಂಡ 2016ರ ನಂತರ 2025ರವರೆಗೆ ಒಮ್ಮೆಯೂ ಪ್ಲೇಆಫ್ (ಪ್ರಶಸ್ತಿಗಾಗಿ ನಡೆಯುವ ಕೊನೆಯ ಸುತ್ತುಗಳು) ಕಂಡಿಲ್ಲ, 2024-25ರಲ್ಲಿ 82ರಲ್ಲಿ ಗೆದ್ದದ್ದು 19 ಮಾತ್ರ. ಇಂತಹ ತಂಡಕ್ಕಾಗಿ ಮೂರು ಗಂಟೆ ಪ್ರಯಾಣ ಏಕೆ ಎಂದು ಕೇಳುವವರಿಗೆ ನನ್ನ ಉತ್ತರ ಆಟದ ಮಟ್ಟ. ಕಾಲೇಜಿನಲ್ಲಿ ಚೆಂಡು ಕೈಗೆ ಬಂದ ಮೇಲೆ ಎಸೆಯಲು 30 ಸೆಕೆಂಡು, ವೃತ್ತಿಪರರಿಗೆ 24. ಮೂರು ಅಂಕದ ಗೆರೆಯೂ ಒಂದೂವರೆ ಅಡಿಗಿಂತ ಹೆಚ್ಚು ದೂರ. ಆ ಆರು ಸೆಕೆಂಡುಗಳ ವ್ಯತ್ಯಾಸ ಟಿ.ವಿ.ಯಲ್ಲಿ ತಿಳಿಯುವುದಿಲ್ಲ, ಮೇಲಿನ ಸಾಲಿನಲ್ಲಿ ಕುಳಿತವರಿಗೆ ಸ್ಪಷ್ಟವಾಗಿ ತಿಳಿಯುತ್ತದೆ: ಕಾಲೇಜಿನ ಹುಡುಗರು ಪಾಸ್ ಹುಡುಕುತ್ತಾರೆ, ಇವರು ಪಾಸ್ ಎಲ್ಲಿ ತೆರೆಯುತ್ತದೆಂದು ತಿಳಿದು ಅಲ್ಲಿಗೆ ಮೊದಲೇ ಹೋಗಿರುತ್ತಾರೆ. ಡ್ಯೂಕ್‌ನಲ್ಲಿ ಒಂದೇ ವರ್ಷ ಆಡಿದ ಕಾನ್ ಕ್ನಿಪಲ್ 2025ರಲ್ಲಿ ವೃತ್ತಿಪರ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಂಡ ಡ್ರಾಫ್ಟ್‌ನಲ್ಲಿ ನಾಲ್ಕನೆಯವನಾಗಿ ಇದೇ ಹಾರ್ನೆಟ್ಸ್ ಸೇರಿದ. ಅವನ ಸಹ ಆಟಗಾರ ಕೂಪರ್ ಫ್ಲ್ಯಾಗ್ ಮೊದಲನೆಯವನಾಗಿ ಡಲ್ಲಾಸ್‌ಗೆ ಹೋದ. ಡರ್ಹಮ್‌ನಲ್ಲಿ ಒಂದು ವರ್ಷ ಮಾತ್ರ ನಮ್ಮವನಾಗಿದ್ದ ಹುಡುಗ ಷಾರ್ಲೆಟ್‌ನಲ್ಲಿ ಹಲವು ವರ್ಷ ನಮ್ಮವನಾಗಿ ಇರಬಹುದು ಎಂಬುದೇ ಈಗಿನ ಬ್ಯಾಸ್ಕೆಟ್‌ಬಾಲ್‌ನ ತಿರುವು. ಹಿಂದೆ ನಾಲ್ಕು ವರ್ಷ ಒಬ್ಬನ ಬೆಳವಣಿಗೆಯನ್ನು ಹತ್ತಿರದಿಂದ ನೋಡಲು ಕಾಲೇಜಿಗೆ ಹೋಗಬೇಕಿತ್ತು. ಇಂದು ಆ ಪರಿಚಯವನ್ನು ವೃತ್ತಿಪರ ತಂಡಗಳೇ ಹೆಚ್ಚು ಉಳಿಸಿಕೊಂಡಿವೆ.

ವೃತ್ತಿಪರ ಆಟದಲ್ಲಿ ನನಗೆ ಹಿಡಿಸದ ವಿಷಯವೂ ಇದೆ. ಮೂರು ಅಂಕದ ಎಸೆತ ಅತಿಯಾಗಿದೆ. 2024-25ರಲ್ಲಿ ಬಾಸ್ಟನ್ ತಂಡ ತನ್ನ ಒಟ್ಟು ಎಸೆತಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಗೆರೆಯಾಚೆಯಿಂದಲೇ ಎಸೆಯಿತು. ಬರ್ನ್ಸ್‌ನಂತಹ ಆಟಗಾರನಿಗೆ ಅಲ್ಲಿ ಜಾಗ ಕಡಿಮೆ. ಆದರೆ ಅದೇ ವರ್ಷ ಒಕ್ಲಹೋಮ ಸಿಟಿ ಮತ್ತು ಇಂಡಿಯಾನ ನಡುವೆ ಏಳು ಪಂದ್ಯ ನಡೆದ ಫೈನಲ್ ನೋಡಿದವರು, ರಕ್ಷಣೆಯ ಆಟ ಸತ್ತಿದೆ ಎಂದು ಇನ್ನು ಹೇಳಲಾರರು. ಏಳನೆಯ ಪಂದ್ಯದಲ್ಲಿ ಇಂಡಿಯಾನದ ಟೈರೀಸ್ ಹ್ಯಾಲಿಬರ್ಟನ್ ಕಾಲಿನ ಸ್ನಾಯುರಜ್ಜು ಹರಿದು ನೆಲಕ್ಕೆ ಬಿದ್ದಾಗ, ಯಾವ ತಂಡದವನೂ ಅಲ್ಲದ ನನಗೂ ಗಂಟಲು ಕಟ್ಟಿತು.

ಟಿಕೆಟ್ ಬಗ್ಗೆ ಎರಡು ಮಾತು. ಮರುಮಾರಾಟದ ಒಂದು ಆ್ಯಪ್‌ನಲ್ಲಿ ಮೊದಲು ತೋರಿಸಿದ ಬೆಲೆಗೂ ಕೊನೆಗೆ ಕಟ್ಟಿದ ಬೆಲೆಗೂ ನಡುವೆ ಬಹಳ ಅಂತರವಿದ್ದು ನಾನು ಬೇಸರಪಟ್ಟಿದ್ದೇನೆ. ಶುಲ್ಕವೆಲ್ಲ ಸೇರಿದ ಬೆಲೆ ನೋಡಿಯೇ ಹೋಲಿಸಬೇಕು. ರಾಲಿಯಲ್ಲಿ ಡ್ಯೂಕ್ ಅಥವಾ ನಾರ್ತ್ ಕೆರೊಲಿನಾ ಬರುವ ದಿನ ಬಿಟ್ಟು, ಡಿಸೆಂಬರ್‌ನ ಯಾವುದಾದರೂ ಸಣ್ಣ ತಂಡದ ವಿರುದ್ಧದ ಪಂದ್ಯ ಆರಿಸಿಕೊಂಡರೆ ಮಕ್ಕಳೊಂದಿಗೆ ಕೆಳಗಿನ ಸಾಲಿನಲ್ಲೇ ಕೂರಬಹುದು. ಷಾರ್ಲೆಟ್‌ಗೆ ಕ್ಯಾರಿಯಿಂದಲೇ ಪೀಡ್‌ಮಾಂಟ್ ರೈಲು ಇದೆ, ಆದರೆ ರಾತ್ರಿಯ ಪಂದ್ಯ ಮುಗಿಸಿ ಅದೇ ರೈಲಿನಲ್ಲಿ ಹಿಂದಿರುಗಲು ಆಗದು. ಉಳಿಯಲು ಕೋಣೆ ಬೇಕು, ಇಲ್ಲವೇ ಕಾರಿನಲ್ಲಿ ಹೋಗಬೇಕು.

ಹತ್ತು ವರ್ಷದೊಳಗಿನ ಮಕ್ಕಳಿರುವವರು ಮೊದಲು ರಾಲಿಗೆ ಹೋಗಲಿ. ತಾವೇ ಆಡುವ, ಆಟ ಕಲಿಯುತ್ತಿರುವ ಮಕ್ಕಳಿದ್ದರೆ ಷಾರ್ಲೆಟ್, ಅದೂ ಪಂದ್ಯಕ್ಕೆ ಒಂದು ಗಂಟೆ ಮೊದಲೇ. ಅಭ್ಯಾಸದ ವೇಳೆ ಕ್ನಿಪಲ್ ಒಂದೇ ಜಾಗದಲ್ಲಿ ನಿಂತು, ಪಾದ ಒಂದಿಷ್ಟೂ ಕದಲಿಸದೆ, ಒಂದರ ಮೇಲೊಂದು ಚೆಂಡನ್ನು ಬುಟ್ಟಿಗೆ ಹಾಕುವುದನ್ನು ನೋಡಿದ ದಿನದಿಂದ ನನ್ನ ಮಗಳು ಮನೆಯ ಮುಂದೆ ಸೀಮೆಸುಣ್ಣದಲ್ಲಿ ಎರಡು ಪಾದದ ಗುರುತು ಬರೆದುಕೊಂಡಿದ್ದಾಳೆ. ಮಳೆ ಬಂದು ಅಳಿಸಿದಾಗಲೆಲ್ಲ ಮತ್ತೆ ಬರೆಯುತ್ತಾಳೆ.